ಸ್ಕೋರ್ ಕೊಟ್ಟಿದ್ದು ಯಂತ್ರ, ಸಾಬೀತು ಮಾಡಬೇಕಾದ್ದು ರೋಗಿ

ವೈದ್ಯಕೀಯ ನಿರ್ಲಕ್ಷ್ಯದ ಕೇಸ್ ಬಂದಾಗ ನಾನು ಮೊದಲು ಕೇಳುವುದು ಕೇಸ್ ಶೀಟ್. ಯಾರು ನೋಡಿದರು, ಯಾವಾಗ ನೋಡಿದರು, ಏನು ಬರೆದರು ಎಲ್ಲ ಅದರಲ್ಲಿರುತ್ತದೆ. ಈಗೀಗ ಅದರ ನಡುವೆ ‘ಅಪಾಯ: ಕಡಿಮೆ’ ಅನ್ನುವಂಥ ಸಾಲು ಕಾಣಿಸುತ್ತದೆ. ಸಹಿ ಇಲ್ಲ, ಕಾರಣವೂ ಇಲ್ಲ. ಸಾಫ್ಟ್‌ವೇರ್ ಬರೆದ ಸಾಲು ಅದು.

ಅದು ತಪ್ಪಾಗಿದ್ದರೆ ಯಾರನ್ನು ಕೇಳಬೇಕು? ವೈದ್ಯರು ಯಂತ್ರದ ಕಡೆ ಕೈ ತೋರಿಸುತ್ತಾರೆ. ಕಂಪನಿಯವರು ‘ನಮ್ಮದು ಸಲಹೆ ಅಷ್ಟೇ, ತೀರ್ಮಾನ ವೈದ್ಯರದ್ದು’ ಅನ್ನುತ್ತಾರೆ. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್‌ನ 22ನೇ ವಿಧಿ, ಯಂತ್ರವೊಂದೇ ಮಾಡಿದ ಮಹತ್ವದ ತೀರ್ಮಾನದಿಂದ ಜನರಿಗೆ ರಕ್ಷಣೆ ಕೊಡುತ್ತದೆ. ಆದರೆ ಕೆಳಗೆ ವೈದ್ಯರ ಸಹಿ ಬಿತ್ತು ಅಂದರೆ, ಆ ವಿಧಿ ಇಲ್ಲಿಗೆ ಬರೋದಿಲ್ಲ ಅನ್ನುವ ವಾದ ಶುರುವಾಗುತ್ತದೆ. ಅದಕ್ಕೇ 2023ರ ಡಿಸೆಂಬರಿನ ಶುಫಾ ತೀರ್ಪು ನನಗೆ ಮುಖ್ಯ. ಅದು ಜನರ ಸಾಲ ತೀರಿಸುವ ಸಾಮರ್ಥ್ಯಕ್ಕೆ ಸ್ಕೋರ್ ಹಾಕುವ ಶುಫಾ ಎಂಬ ಜರ್ಮನ್ ಕಂಪನಿಯ ಕೇಸ್. ಬ್ಯಾಂಕು ಸ್ಕೋರನ್ನೇ ಬಲವಾಗಿ ನೆಚ್ಚಿಕೊಂಡು ನಿರ್ಧರಿಸಿದರೆ, ಸ್ಕೋರ್ ಹಾಕಿದ್ದೇ ಯಂತ್ರದ ತೀರ್ಮಾನ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಇದೇ ವಾದವನ್ನು ಆಸ್ಪತ್ರೆಗೂ ಅನ್ವಯಿಸಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಮಾನತೆಯ ಹಕ್ಕಿನ ಕಥೆ ಇನ್ನೂ ಕಷ್ಟದ್ದು. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಬಳಸುತ್ತಿದ್ದ ಒಂದು ಅಲ್ಗಾರಿದಮ್ ಅನ್ನು ಸಂಶೋಧಕರು ಪರಿಶೀಲಿಸಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದು ಜನಾಂಗವನ್ನು ನೋಡುತ್ತಲೇ ಇರಲಿಲ್ಲ. ಚಿಕಿತ್ಸೆಗೆ ಆಗುವ ಖರ್ಚನ್ನು ಅಂದಾಜು ಮಾಡಿ, ಅದನ್ನೇ ಕಾಯಿಲೆಯ ಅಳತೆ ಅಂದುಕೊಂಡಿತ್ತು. ಚಿಕಿತ್ಸೆಯೇ ಸರಿಯಾಗಿ ಸಿಗದವರ ಖರ್ಚು ಕಡಿಮೆಯೇ ಇರುತ್ತದೆ, ಅಲ್ವಾ? ಹಾಗಾಗಿ ಒಂದೇ ಸ್ಕೋರ್ ಪಡೆದ ಬಿಳಿಯರಿಗಿಂತ ಕಪ್ಪು ರೋಗಿಗಳಿಗೆ ಕಾಯಿಲೆ ಜಾಸ್ತಿ ಇತ್ತು. ದೋಷ ಸರಿಪಡಿಸಿದರೆ, ಹೆಚ್ಚಿನ ನೆರವು ಪಡೆಯುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಈಗ ವಕೀಲರ ಕಣ್ಣಿನಿಂದ ನೋಡಿ. ಒಬ್ಬ ರೋಗಿಯ ಫೈಲ್ ತೆಗೆದರೆ ತಾರತಮ್ಯದ ಸುಳಿವೇ ಸಿಗುವುದಿಲ್ಲ. ಸಾವಿರಾರು ಜನರ ದಾಖಲೆ ಹೋಲಿಸಿದಾಗ ಮಾತ್ರ ಅದು ಹೊರಬೀಳುತ್ತದೆ. ಆ ದಾಖಲೆ ಇರುವುದು ಎದುರು ಪಕ್ಷದ ಕೈಯಲ್ಲಿ. ಹೀಗಿರುವಾಗ ‘ನೀವೇ ಸಾಬೀತು ಮಾಡಿ’ ಎಂದು ರೋಗಿಗೆ ಹೇಳುವುದು ಅನ್ಯಾಯ. ಯುರೋಪಿನ 2024ರ ಉತ್ಪನ್ನ ಹೊಣೆಗಾರಿಕೆ ನಿರ್ದೇಶನ ಇದನ್ನು ಸ್ವಲ್ಪ ಸಡಿಲಿಸಿದೆ. ಸಾಫ್ಟ್‌ವೇರ್ ಕೂಡ ಉತ್ಪನ್ನವೇ. ಪುರಾವೆ ಒಪ್ಪಿಸಿ ಎಂದು ಕಂಪನಿಗೆ ಕೋರ್ಟ್ ಆದೇಶಿಸಬಹುದು. ಒಪ್ಪಿಸದಿದ್ದರೆ, ಉತ್ಪನ್ನದಲ್ಲಿ ದೋಷವಿತ್ತು ಎಂದೇ ಹಿಡಿಯಲಾಗುತ್ತದೆ. ಅಲ್ಲ ಎಂದು ತೋರಿಸುವುದು ಆಮೇಲೆ ಕಂಪನಿಯ ಕೆಲಸ.

ವಿವರಣೆ ಕೇಳುವ ಹಕ್ಕಿನಲ್ಲೂ ಒಂದು ಕಂದಕವಿದೆ. ಯುರೋಪಿನ ಎಐ ಕಾಯ್ದೆಯ 86ನೇ ವಿಧಿ ಆ ಹಕ್ಕನ್ನು ಕೊಡುತ್ತದೆ, ಆದರೆ ಮೂರನೇ ಅನುಬಂಧದ ಪಟ್ಟಿಯಲ್ಲಿರುವ ವ್ಯವಸ್ಥೆಗಳಿಗೆ ಮಾತ್ರ. ತುರ್ತು ಚಿಕಿತ್ಸೆಯಲ್ಲಿ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಎಐ ಆ ಪಟ್ಟಿಯಲ್ಲಿದೆ. ಸ್ಕ್ಯಾನ್ ಓದುವ ಎಐ ವೈದ್ಯಕೀಯ ಸಾಧನವಾಗಿ ಬೇರೆ ದಾರಿಯಲ್ಲಿ ಬರುತ್ತದೆ. ಗಡ್ಡೆ ಇಲ್ಲ ಎಂದು ಯಂತ್ರ ಹೇಳಿದ್ದು ಯಾಕೆ ಎಂದು ಕೇಳಲು ಈ ವಿಧಿ ನೆರವಾಗುವುದಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ.

ಅದೇ ಕಾಯ್ದೆಯ ಪ್ರಕಾರ, ಹೆಚ್ಚು ಅಪಾಯದ ಎಐ ಬಳಸುವವರು ಅದರ ಲಾಗ್‌ಗಳನ್ನು, ಅಂದರೆ ಯಂತ್ರ ತಾನಾಗಿ ಬರೆದಿಟ್ಟುಕೊಳ್ಳುವ ದಾಖಲೆಗಳನ್ನು, ಕನಿಷ್ಠ 6 ತಿಂಗಳು ಇಡಬೇಕು. ತಪ್ಪಿಹೋದ ಕ್ಯಾನ್ಸರ್ ಎಷ್ಟೋ ಸಲ ವರ್ಷಗಳಾದ ಮೇಲೆ ಗೊತ್ತಾಗುತ್ತದೆ. ಅದಕ್ಕೇ ಆಸ್ಪತ್ರೆಗಳಿಗೆ ನಾನು ಹೇಳುವುದು: ಯಂತ್ರ ಏನು ಹೇಳಿತು, ಯಾವ ಆವೃತ್ತಿ ಹೇಳಿತು, ವೈದ್ಯರು ಅದನ್ನು ಒಪ್ಪಿದರೋ ಬಿಟ್ಟರೋ, ಯಾಕೆ ಅನ್ನುವುದನ್ನು ಕೇಸ್ ಶೀಟಿನಲ್ಲೇ ಬರೆಯಿರಿ. ರೋಗಿಗಳು ಅನುಮಾನ ಬಂದ ದಿನವೇ, ಆ ದಾಖಲೆ ಅಳಿಸಬೇಡಿ ಎಂದು ಲಿಖಿತವಾಗಿ ಕೇಳಿ. ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ.