ಟರ್ಬೊ ಕೂರಿಸುವ ಮೊದಲು ಆಯಿಲ್ ಇಳಿಯುವ ದಾರಿ ನೋಡಿ

ಹಳೇ ಹೋಂಡಾ ಸಿಟಿ 1.5 ವಿಟೆಕ್‌ಗೆ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಹಾಕಿಸಬೇಕು ಅಂತ ಬರುವವರು ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಸಿಗುತ್ತೆ ಅಂತ. ನಾನು ಮೊದಲು ಬಾನೆಟ್ ಎತ್ತಿ, ರೇಡಿಯೇಟರ್‌ಗೂ ಎಂಜಿನ್‌ಗೂ ನಡುವೆ ಕೈ ಇಳಿಸಿ ನೋಡುತ್ತೇನೆ. ಈ ಎಂಜಿನ್‌ನ ಎಕ್ಸಾಸ್ಟ್ ಮುಂದುಗಡೆ ಇದೆ. ಟರ್ಬೊ ಕೂರಬೇಕಾದ್ದೂ ಅಲ್ಲೇ. ಎದುರಿಗೆ ಫ್ಯಾನುಗಳು, ಕೆಳಗೆ ಏಸಿ ಕಂಪ್ರೆಸರ್, ಮೇಲೆ ಬಾನೆಟ್.

ಜಾಗ ಇಲ್ಲ ಅಂತ ಬಹಳ ಜನ ಟರ್ಬೊವನ್ನು ಸಿಕ್ಕಷ್ಟು ಕೆಳಗೆ ಇಳಿಸಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಬೇರಿಂಗ್‌ಗೆ ಆಯಿಲ್ ಬರುವುದು ಪಂಪಿನ ಒತ್ತಡದಲ್ಲಿ. ಹೊರಗೆ ಹೋಗುವುದು ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು. ಅದೂ ಮಜ್ಜಿಗೆ ಕಡೆದಾಗ ಬರುವ ನೊರೆಯ ಥರ ಉಬ್ಬಿಕೊಂಡು. ಇಳಿಯಲು ದಾರಿ ಸಾಲದಿದ್ದರೆ ಅದು ಟರ್ಬೈನ್ (ಎಕ್ಸಾಸ್ಟ್ ಹೊಗೆಗೆ ತಿರುಗುವ ಚಕ್ರ) ಕಡೆಗೆ ನುಗ್ಗುತ್ತದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತದೆ. ಸೀಲ್ ಹೋಯ್ತು ಅಂತ ಸುಮ್ನೆ ಟರ್ಬೊ ಬದಲಾಯಿಸುತ್ತಾರೆ. ಅಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಬಳೆ. ನಿಂತ ಆಯಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹೊಸ ಟರ್ಬೊ ಹಾಕಿದರೂ ಅದೇ ಹೊಗೆ.

ಅದಕ್ಕೇ ನಾನು ಟರ್ಬೊದಿಂದ ಆಯಿಲ್ ಇಳಿಯುವ ಡ್ರೈನ್ ಪೈಪಿನಿಂದ ಶುರು ಮಾಡಿ ಮೇಲಕ್ಕೆ ಬರುತ್ತೇನೆ. ಪೈಪಿನ ಒಳವ್ಯಾಸ ಅರ್ಧ ಇಂಚಿಗಿಂತ ಕಡಿಮೆ ಬೇಡ. ನೆಟ್ಟಗೆ ಇಳಿಯಬೇಕು. ವಾಲಿದರೂ 35 ಡಿಗ್ರಿ ದಾಟಬಾರದು, ನಡುವೆ ಎಲ್ಲೂ ಜೋತು ಬೀಳಬಾರದು. ಅದು ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಸಂಪ್ ಬಿಚ್ಚಿಯೇ ತೂತು ಕೊರೆದು ಬೆಸುಗೆ ಹಾಕಿ, ಇಲ್ಲದಿದ್ದರೆ ಲೋಹದ ಚೂರು ಆಯಿಲ್ ಪಂಪಿಗೆ ಹೋಗುತ್ತದೆ. ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗ) ಉಸಿರಾಡುವ ಪೈಪೂ ಚೆನ್ನಾಗಿರಲಿ. ಒಳಗೆ ಒತ್ತಡ ತುಂಬಿದರೆ ಎಂಥ ಡ್ರೈನ್ ಇದ್ದರೂ ಆಯಿಲ್ ಇಳಿಯುವುದಿಲ್ಲ.

ಡ್ರೈನ್ ನಿಕ್ಕಿಯಾದ ಮೇಲೆ ಟರ್ಬೊ ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಎಂಜಿನ್‌ನ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ಮಾಡಿಸುವುದು ಆಮೇಲೆ. ಟರ್ಬೊದ ಕಂಪ್ರೆಸರ್ ಹೌಸಿಂಗ್ (ಗಾಳಿ ತಳ್ಳುವ ಕಡೆಯ ಕವಚ) ಬೋಲ್ಟ್ ಸಡಿಲಿಸಿ ತಿರುಗಿಸಿಕೊಂಡರೆ, ಆ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪಿಗೆ ದಾರಿ ಸಿಗುತ್ತದೆ. ಆದರೆ ನಡುವಿನ ಬೇರಿಂಗ್ ಹೌಸಿಂಗ್ ಮಾತ್ರ ಡ್ರೈನ್ ಕೆಳಗಾಗಿಯೇ ಇರಬೇಕು. ಫ್ಯಾನ್ ಅಡ್ಡ ಬಂದರೆ ತೆಳು ಫ್ಯಾನನ್ನು ರೇಡಿಯೇಟರಿನ ಮುಂದೆ ಹಾಕಬಹುದು. ಅಷ್ಟಾದರೂ ಹಿಡಿಸದಿದ್ದರೆ ಚಿಕ್ಕ ಟರ್ಬೊ ತೆಗೆದುಕೊಳ್ಳಿ ಅಂತ ನೇರವಾಗಿ ಹೇಳುತ್ತೇನೆ. ಒಂದೂವರೆ ಲೀಟರ್ ಎಂಜಿನ್‌ಗೆ ಅದೇ ಒಳ್ಳೆಯದು, ಬೇಗ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬರುತ್ತದೆ.

ನಿಂತ ಗಾಡಿಯಲ್ಲಿ ಅಳೆದ ಗ್ಯಾಪ್ ನಂಬಬೇಡಿ. ಅಡ್ಡ ಕೂತ ಎಂಜಿನ್ ಆಕ್ಸಲರೇಟರ್ ಒತ್ತಿದಾಗೆಲ್ಲ ಮೌಂಟ್ ಮೇಲೆ ಹಿಂದೆಮುಂದೆ ವಾಲುತ್ತದೆ. ಎಂಜಿನ್ ತಣ್ಣಗಿರುವಾಗ ಫ್ಯಾನ್ ಕವಚದ ಮೇಲೆ ಮಕ್ಕಳ ಜೇಡಿಮಣ್ಣಿನ ಉಂಡೆ ಅಂಟಿಸಿ. ಸ್ಟಾರ್ಟ್ ಮಾಡಿ, ಬ್ರೇಕ್ ಹಿಡಿದು ಕ್ಲಚ್ ಸ್ವಲ್ಪ ಬಿಟ್ಟು, ರಿವರ್ಸ್‌ನಲ್ಲೂ ಹಾಗೇ ಮಾಡಿ, ತಕ್ಷಣ ಆಫ್ ಮಾಡಿ ನೋಡಿ. ಉಂಡೆ ಎಷ್ಟು ಚಪ್ಪಟೆಯಾಗಿದೆಯೋ ಎಂಜಿನ್ ಅಷ್ಟು ಹತ್ತಿರ ಬಂದಿದೆ ಅಂತ ಅರ್ಥ. ಬೂಸ್ಟ್ ಹೆಚ್ಚಿದಾಗ ಇನ್ನೂ ಜಾಸ್ತಿ ವಾಲುತ್ತದೆ. ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪಿನಲ್ಲಿ ಬೆಲ್ಲೋಸ್ (ಬಾಗುವ ಸುಕ್ಕು ಪೈಪ್) ಹಾಕದಿದ್ದರೆ ಇದೇ ಅಲುಗಾಟಕ್ಕೆ ಬೆಸುಗೆ ಬಿರಿಯುತ್ತದೆ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಗಳನ್ನು ಹೀಗೆ ಬದಲಿಸುವಂತಿಲ್ಲ. ಟ್ರ್ಯಾಕ್‌ಗೆ ಅಂತಲೇ ಇಟ್ಟ ಕಾರಾದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಗ್ನಿಷನ್ ಮತ್ತು ಇಂಜೆಕ್ಟರ್ ಕಟ್ ಮಾಡಿ, ಡ್ರೈನ್ ಪೈಪನ್ನು ಸಂಪ್ ಕಡೆ ಬಿಚ್ಚಿ ಬಾಟಲಿಗೆ ಹಿಡಿದು, ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ (ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ). ಬಾಟಲಿಗೆ ಆಯಿಲ್ ಬೀಳುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ.