ಪಂಜರದ ಗಿಳಿಗಳ ಅಧ್ಯಯನ: ಪ್ರಶ್ನೆ ಬದಲಾದ ಬಗೆ

ವನ್ಯಜೀವಿ ಉದ್ಯಾನಗಳು ವಿಶ್ವವಿದ್ಯಾಲಯಗಳೊಡನೆ ಕೈಜೋಡಿಸಿ ಗಿಳಿಗಳನ್ನು ಅಧ್ಯಯನ ಮಾಡುವುದು ಈಗ ಹೊಸ ಸಂಗತಿಯಲ್ಲ. ಆದರೆ ಇದರಿಂದ ಹಕ್ಕಿಗೆ ಸಿಗುವುದೇನು ಎಂಬ ಪ್ರಶ್ನೆ ಎದ್ದದ್ದು ತಡವಾಗಿ. ಮೊದಲು ಎಲ್ಲರ ಕುತೂಹಲವಿದ್ದುದು ಗಿಳಿಯ ಜಾಣತನದ ಬಗ್ಗೆ. 1977ರಲ್ಲಿ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅಂಗಡಿಯೊಂದರಿಂದ ಕೊಂಡುತಂದ ಅಲೆಕ್ಸ್ ಎಂಬ ಆಫ್ರಿಕಾದ ಬೂದು ಗಿಳಿ ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುವುದನ್ನು ಕಲಿತು, ಗಿಳಿಪಾಠವೆಂದರೆ ಅರ್ಥವರಿಯದ ಉರು ಎಂಬ ನಂಬಿಕೆಯನ್ನೇ ಅಲುಗಿಸಿತು. 2007ರಲ್ಲಿ ಅದು ಸತ್ತಿತು. ಅಷ್ಟರಲ್ಲಾಗಲೇ, 1999ರಲ್ಲಿ, ಐರೋಪ್ಯ ಒಕ್ಕೂಟದ ಮೃಗಾಲಯ ನಿರ್ದೇಶನವು ಸಂಶೋಧನೆಯನ್ನೂ ಮೃಗಾಲಯಗಳ ಸಂರಕ್ಷಣಾ ಕಾರ್ಯಗಳ ಸಾಲಿಗೆ ಸೇರಿಸಿತ್ತು.

ಇಂಥ ಸಹಯೋಗದ ಫಲ ಸ್ಪಷ್ಟವಾಗಿ ಕಾಣುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರುವ ವಿಲೋಬ್ಯಾಂಕ್ ಉದ್ಯಾನದಲ್ಲಿ. ಅಲ್ಲಿರುವ ಕೀಯಾ ಎಂಬ ಬೆಟ್ಟದ ಗಿಳಿಗಳು ಒಂದು ಕಾಲದಲ್ಲಿ ಕುರಿಗಳ ಮೇಲೆರಗುತ್ತವೆಂಬ ಕಾರಣಕ್ಕೆ, ಸರ್ಕಾರವೇ ಇನಾಮು ಕೊಟ್ಟು ಲಕ್ಷಕ್ಕೂ ಮಿಕ್ಕಿ ಕೊಲ್ಲಿಸಿದ ಜಾತಿಗೆ ಸೇರಿದವು. ಪೂರ್ಣ ರಕ್ಷಣೆ ಸಿಕ್ಕಿದ್ದು 1986ರಲ್ಲಿ. ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ ಆರು ಕೀಯಾಗಳಿಗೆ ಕಪ್ಪು ಬಿಲ್ಲೆಗೆ ತಿನಿಸುಂಟು, ಕಿತ್ತಳೆ ಬಿಲ್ಲೆಗೆ ಇಲ್ಲ ಎಂದು ಕಲಿಸಿ, ಬಳಿಕ ಎರಡೂ ಬಣ್ಣದ ಬಿಲ್ಲೆಗಳು ಬೇರೆಬೇರೆ ಪ್ರಮಾಣದಲ್ಲಿ ಬೆರೆತಿದ್ದ ಎರಡು ಜಾಡಿಗಳಿಂದ ಒಂದೊಂದು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ತೆಗೆದು ಮುಂದಿಟ್ಟರು. ಕಪ್ಪು ಬಿಲ್ಲೆಗಳ ಸಂಖ್ಯೆಯನ್ನಲ್ಲ, ಪ್ರಮಾಣವನ್ನು ಗಮನಿಸಿ ಹಕ್ಕಿಗಳು ಮುಷ್ಟಿಯನ್ನು ಆರಿಸಿಕೊಂಡವೆಂದು 2020ರಲ್ಲಿ ಪ್ರಕಟವಾಯಿತು. ಆ ಆರರಲ್ಲಿ ಒಂದಾದ ಬ್ರೂಸ್‌ಗೆ ಮೇಲ್ಕೊಕ್ಕೇ ಇಲ್ಲ. ಅದು ಸಣ್ಣ ಹರಳುಕಲ್ಲನ್ನು ನಾಲಿಗೆ ಮತ್ತು ಕೆಳಕೊಕ್ಕಿನ ನಡುವೆ ಹಿಡಿದು ಗರಿ ತೀಡಿಕೊಳ್ಳುತ್ತದೆ. ಕಲ್ಲೆತ್ತಿಕೊಂಡ ಸಂದರ್ಭಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಾರಿ ಅದನ್ನು ಇದೇ ಕೆಲಸಕ್ಕೆ ಬಳಸಿತು ಎಂದು 2021ರ ವರದಿ ಹೇಳುತ್ತದೆ. ಊನಗೊಂಡ ಹಕ್ಕಿಯೊಂದು ಸಂಗಾತಿಗಳ ನಡುವೆ ವರ್ಷಗಟ್ಟಲೆ ಬದುಕಿ, ತನ್ನ ಮೈಯನ್ನು ತಾನೇ ನೋಡಿಕೊಳ್ಳುವ ದಾರಿ ಕಂಡುಕೊಂಡ ಈ ಸಂಗತಿ, ಜಾಣ್ಮೆಯೂ ಕ್ಷೇಮವೂ ಬೇರೆಬೇರೆ ವಿಷಯಗಳಲ್ಲ ಎಂಬುದನ್ನು ಯಾವ ಸಿದ್ಧಾಂತಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ.

ಅದೇ ವರ್ಷ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ, ಜನ ಸಾಕಿಕೊಂಡಿದ್ದ 50 ಜಾತಿಗಳ 1,378 ಗಿಳಿಗಳ ಮಾಹಿತಿಯನ್ನು ವಿಶ್ಲೇಷಿಸಲಾಯಿತು. ದೇಹಕ್ಕೆ ಹೋಲಿಸಿದರೆ ಮಿದುಳು ದೊಡ್ಡದಾಗಿರುವ ಜಾತಿಗಳಲ್ಲಿ ಪಂಜರದೊಳಗೆ ಅರ್ಥವಿಲ್ಲದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ವರ್ತನೆ ಹೆಚ್ಚು; ಕಾಡಿನಲ್ಲಿ ಕಾಯಿ ಒಡೆದು, ಸಿಪ್ಪೆ ಸುಲಿದು ತಿನ್ನುವ ಜಾತಿಗಳಲ್ಲಿ ತಮ್ಮ ಗರಿಯನ್ನೇ ಹಾಳುಮಾಡಿಕೊಳ್ಳುವ ಚಾಳಿ ಹೆಚ್ಚು. ತಟ್ಟೆಯಲ್ಲಿ ಸಿದ್ಧವಾದ ಆಹಾರವಿಡುವುದು ಕರುಣೆಯಂತೆ ಕಂಡರೂ ಹಕ್ಕಿಯ ಕೊಕ್ಕಿಗಿದ್ದ ಕೆಲಸವನ್ನು ಕಸಿದುಕೊಳ್ಳುತ್ತದೆ.

ತೊಡಕು ಉಳಿದಿರುವುದು ಕಾಲದ ಲೆಕ್ಕದಲ್ಲಿ. ವಿದ್ಯಾರ್ಥಿಯೊಬ್ಬರ ಅಧ್ಯಯನ ಕೆಲವು ತಿಂಗಳುಗಳಲ್ಲಿ, ಹೆಚ್ಚೆಂದರೆ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ದೊಡ್ಡ ಗಿಳಿಯ ಆಯಸ್ಸು ಹಲವು ದಶಕಗಳದ್ದು. ಪ್ರಬಂಧ ಪ್ರಕಟವಾದ ನಂತರ ಆ ಹಕ್ಕಿಯನ್ನು ಗಮನಿಸುತ್ತಿರುವವರು ಉದ್ಯಾನದ ಪಾಲಕರು ಮಾತ್ರ, ಮತ್ತು ಅವರು ದಿನವೂ ಬರೆದಿಡುವ ಟಿಪ್ಪಣಿಗಳನ್ನು ಸಂಶೋಧನೆಯ ದಾಖಲೆಯೆಂದೇ ಎಣಿಸಿ, ಉದ್ಯಾನವೂ ವಿಶ್ವವಿದ್ಯಾಲಯವೂ ಒಪ್ಪಂದ ಬರೆಯುವಾಗಲೇ ಅವುಗಳಿಗೂ ಸ್ಥಾನ ಕೊಡಬೇಕು.