ಎಕ್ಸೆಲ್ ಫೈಲ್ ಓಪನ್ ಆಗ್ತಿಲ್ವಾ? ಮೊದಲು ನೋಟ್‌ಪ್ಯಾಡಿನಲ್ಲಿ ನೋಡಿ

"ಫೈಲ್ ಕರಪ್ಟ್ ಆಗಿದೆ" ಅಂತ ಫೋನ್ ಬಂದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯ ಸೊಸೈಟಿ, ಅಡಿಕೆ ಮಂಡಿ, ಅಂಗಡಿಗಳ ಲೆಕ್ಕದ ಫೈಲುಗಳನ್ನು ಸರಿಮಾಡಿ ಕೊಡುವುದು ನನ್ನ ಕೆಲಸ. ಓಪನ್ ಆಗದ ಫೈಲುಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ಹೆಸರು ಒಂದು, ಒಳಗಿರುವುದು ಇನ್ನೊಂದು, ಇಂಥವೇ ಜಾಸ್ತಿ. ಫೈಲ್ ಬಂದಾಗ ಚೆನ್ನಾಗಿಯೇ ಇರುತ್ತದೆ. ಅದನ್ನು ಓಪನ್ ಮಾಡಿ, ಏನೋ ವಿಚಿತ್ರ ಕಂಡು, ಗಾಬರಿಯಲ್ಲಿ ಸೇವ್ ಒತ್ತಿದ ಮೇಲೆ ಕೆಡುತ್ತದೆ.

ಹಾಗಾಗಿ ಮೊದಲು ಒಂದು ಕಾಪಿ ಮಾಡಿ. ಮೂಲ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ, ಅದನ್ನು ಮುಟ್ಟಲೇಬೇಡಿ. ಮುಂದಿನದೆಲ್ಲ ಕಾಪಿಯ ಮೇಲೆ.

ಆಮೇಲೆ ಸೈಜ್ ನೋಡಿ. ಸೊನ್ನೆ ಕೆಬಿ ಅಂತಿದ್ದರೆ ಅಲ್ಲಿ ರಿಪೇರಿ ಮಾಡಲು ಏನೂ ಇಲ್ಲ. ಮಳೆಗಾಲದಲ್ಲಿ ಡೌನ್‌ಲೋಡ್ ಅರ್ಧಕ್ಕೆ ನಿಂತರೂ ಫೋಲ್ಡರಿನಲ್ಲಿ ಹೆಸರು ಮಾತ್ರ ಕೂತಿರುತ್ತದೆ. ಕಳಿಸಿದವರ ಹತ್ತಿರ ಎಷ್ಟು ಕೆಬಿ ಇದೆ ಅಂತ ಕೇಳಿ. ಎರಡೂ ಒಂದೇ ಇಲ್ಲದಿದ್ದರೆ ಮತ್ತೆ ಕಳಿಸಲು ಹೇಳಿ, ಮುಗಿಯಿತು.

ಸೈಜ್ ಸರಿ ಇದೆ, ಆದರೂ ಓಪನ್ ಆಗಲ್ಲ ಅಂದಾಗ ಜನ ಗೂಗಲ್ ಮಾಡಿ ಯಾವುದೋ ರಿಪೇರಿ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ನಲ್ಲಿ ನೋಟ್‌ಪ್ಯಾಡ್ ಆರಿಸಿ. ತುಂಬ ಕಸ ಕಾಣುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ನಮಗೆ ಬೇಕಿರುವುದು ಮೊದಲ ಸಾಲಿನ ಮೊದಲ ಕೆಲವು ಅಕ್ಷರ ಅಷ್ಟೇ. ಅಡಿಕೆ ಚೀಲದ ಮೇಲೆ ರಾಶಿ ಅಂತ ದರ್ಜೆ ಬರೆದಿದ್ದರೂ ಮಂಡಿಯಲ್ಲಿ ಕೈ ಹಾಕಿ ನೋಡಿಯೇ ರೇಟು ಹೇಳುತ್ತಾರಲ್ಲ, ಇದೂ ಹಾಗೆ.

ಇಂಗ್ಲಿಷಿನ ಪಿ, ಕೆ ಎರಡು ದೊಡ್ಡಕ್ಷರದಿಂದ ಶುರುವಾದರೆ ಅದು ಜಿಪ್ ಫೈಲ್. ಜಿಪ್ ಮಾದರಿ ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಎಕ್ಸೆಲ್ 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ಒಳಗಿಂದ ಜಿಪ್ಪೇ. ಕಾಪಿಯ ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿದರೆ ತೆರೆದು ನೋಡಬಹುದು: ಒಳಗೆ ವರ್ಕ್‌ಶೀಟ್ಸ್ ಅಂತ ಒಂದು ಫೋಲ್ಡರ್, ಅದರಲ್ಲಿ ಒಂದೊಂದು ಹಾಳೆಗೆ ಒಂದೊಂದು ಫೈಲ್, ಪಕ್ಕದಲ್ಲಿ ಹೆಸರು ವಿಳಾಸಗಳಂಥ ಪದಗಳನ್ನೆಲ್ಲ ಒಟ್ಟಿಗೆ ಇಟ್ಟಿರುವ ಶೇರ್ಡ್ ಸ್ಟ್ರಿಂಗ್ಸ್ ಫೈಲ್. ಜಿಪ್ ತೆರೆಯುತ್ತದೆ ಅಂದರೆ ಡೇಟಾ ಬಹುಮಟ್ಟಿಗೆ ಸಿಗುತ್ತದೆ ಅಂತ ಧೈರ್ಯವಾಗಿರಿ.

ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಅಥವಾ ಟೇಬಲ್ ಅನ್ನೋ ಇಂಗ್ಲಿಷ್ ಪದ ಕೊಕ್ಕೆ ಕಂಸದೊಳಗೆ ಕಂಡರೆ, ನಿಮ್ಮ ಕೈಯಲ್ಲಿರುವುದು ಎಕ್ಸೆಲ್ ಫೈಲೇ ಅಲ್ಲ. ವೆಬ್ ಪುಟಕ್ಕೆ ಎಕ್ಸ್‌ಎಲ್‌ಎಸ್ (ಎಕ್ಸೆಲ್‌ನ ಹಳೆಯ ಮಾದರಿ) ಅಂತ ಹೆಸರು ಅಂಟಿಸಿ ಕಳಿಸಿದ್ದಾರೆ. ಎಷ್ಟೋ ಪೋರ್ಟಲ್‌ಗಳ ಡೌನ್‌ಲೋಡ್ ಬಟನ್ ಇವತ್ತಿಗೂ ಇದನ್ನೇ ಮಾಡುತ್ತದೆ. ಎಕ್ಸೆಲ್ ಇದನ್ನು "ಫೈಲಿನ ಬಗೆಗೂ ಹೆಸರಿಗೂ ತಾಳೆ ಇಲ್ಲ, ಆದರೂ ತೆರೆಯಲಾ" ಅಂತ ಕೇಳಿ ತೆರೆದುಬಿಡುತ್ತದೆ. ಕಷ್ಟ ಬರುವುದು ಅದನ್ನು ಇನ್ನೊಂದು ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡುವಾಗ. ಅದಕ್ಕೆ ಅಷ್ಟು ಉದಾರ ಬುದ್ಧಿ ಇರುವುದಿಲ್ಲ, ಎರರ್ ಕೊಟ್ಟು ಕೈ ಎತ್ತುತ್ತದೆ. ಎಕ್ಸೆಲ್‌ನಲ್ಲಿ ತೆರೆದು, ಸೇವ್ ಆ್ಯಸ್ ಕೊಟ್ಟು, ಪಟ್ಟಿಯಿಂದ ಎಕ್ಸೆಲ್ ವರ್ಕ್‌ಬುಕ್ ಆರಿಸಿ. ಸುಮ್ನೆ ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಹಾಗೆ ಬದಲಿಸಿ ನೋಡಿ: ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಹೆಸರಿದ್ದು ಒಳಗೆ ವೆಬ್ ಪುಟವೋ ಹಳೆಯ ಎಕ್ಸ್‌ಎಲ್‌ಎಸ್ಸೋ ಇದ್ದರೆ ಎಕ್ಸೆಲ್ ಖಡಾಖಂಡಿತವಾಗಿ ನಿರಾಕರಿಸುತ್ತದೆ. ಕೊನೆಯ ಎಕ್ಸ್ ತೆಗೆದು ಎಕ್ಸ್‌ಎಲ್‌ಎಸ್ ಮಾಡಿದರೆ ಅದೇ ಫೈಲು ತೆರೆದುಕೊಳ್ಳುತ್ತದೆ, ವೆಬ್ ಪುಟವಾದರೆ ಒಂದು ಎಚ್ಚರಿಕೆ ಕೊಟ್ಟು! "ಪೂರ್ತಿ ಹೋಗಿದೆ" ಅಂತ ಬಂದ ಫೈಲುಗಳಲ್ಲಿ ಎಷ್ಟೋ ಬದುಕುವುದು ಇಷ್ಟರಿಂದಲೇ. ವಿಂಡೋಸ್ ಈ ಬಾಲವನ್ನು ಮಾಮೂಲಿಯಾಗಿ ಮುಚ್ಚಿಟ್ಟಿರುತ್ತದೆ. ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದಕ್ಕೆ ಟಿಕ್ ಹಾಕಿಕೊಳ್ಳಿ, ಒಂದು ಸಲ ಸಾಕು.

ಪಾಸ್‌ವರ್ಡ್ ಇರುವ ಫೈಲುಗಳದ್ದು ಬೇರೆ ಕಥೆ. ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ತೆರೆಯುವ ಪಾಸ್‌ವರ್ಡ್ ಹಾಕಿದರೆ ಅದು ಆಮೇಲೆ ಜಿಪ್ ಆಗಿ ಉಳಿಯುವುದಿಲ್ಲ, ಹಳೆಯ ಮಾದರಿಯ ಹೊದಿಕೆಯೊಳಗೆ ಹೋಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಎಕ್ಸೆಲ್ ತೆರೆಯುತ್ತದೆ. ಇಂಪೋರ್ಟ್ ಸಾಫ್ಟ್‌ವೇರ್ "ಇದು ಸರಿಯಾದ ಫೈಲಲ್ಲ" ಅನ್ನುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇಂಪೋರ್ಟ್ ಆಗದಿದ್ದರೆ ಪಾಸ್‌ವರ್ಡ್ ತೆಗೆದು ಸೇವ್ ಮಾಡಿ ಪ್ರಯತ್ನಿಸಿ.

ಹಳೆಯ ಎಕ್ಸ್‌ಎಲ್‌ಎಸ್‌ನ ಇನ್ನೊಂದು ಮಿತಿ ಗೊತ್ತಿರಲಿ: 65,536 ಸಾಲು, ಅಷ್ಟೇ. ಹೊಸದರಲ್ಲಿ 10,48,576. ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರ್ ಕೊನೆಗೆ ಕೋವಿಡ್ ಪಾಸಿಟಿವ್ ಬಂದ 15,841 ಜನರ ವಿವರ ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದು ಇದೇ ಹಳೆಯ ಮಾದರಿಯಿಂದ. ಲ್ಯಾಬುಗಳಿಂದ ಬಂದ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಹಾಕಿದ ಬರೀ ಅಕ್ಷರದ ಫೈಲ್) ಪಟ್ಟಿಗಳನ್ನು ಎಕ್ಸ್‌ಎಲ್‌ಎಸ್‌ಗೆ ತುಂಬುತ್ತಿದ್ದರು, ಜಾಗ ಮುಗಿದ ಮೇಲಿನ ಸಾಲುಗಳು ಒಳಗೆ ಹೋಗಲೇ ಇಲ್ಲ. ಹತ್ತು ವರ್ಷದ ಖರೀದಿ ಲೆಕ್ಕ ಒಂದೇ ಹಾಳೆಯಲ್ಲಿ ಇಟ್ಟುಕೊಂಡಿರುವ ಮಂಡಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ಇಂಪೋರ್ಟ್ ವಿಷಯಕ್ಕೆ ಬರೋಣ, ನಮ್ಮ ಕಡೆ ಜಾಸ್ತಿ ತಲೆನೋವು ಇದೇ. ಅದರಲ್ಲೂ ಸಿಎಸ್‌ವಿ. ಅದನ್ನು ಡಬಲ್ ಕ್ಲಿಕ್ ಮಾಡುವ ಅಭ್ಯಾಸ ಬಿಟ್ಟರೆ ಅರ್ಧ ಸಮಸ್ಯೆ ಇರುವುದಿಲ್ಲ. ಸೊಸೈಟಿಯ ಸದಸ್ಯರ ಪಟ್ಟಿ ಅಂದುಕೊಳ್ಳಿ: ಹೆಸರು, ವಿಳಾಸ, ಆಧಾರ್, ಖಾತೆ ನಂಬರ್, ಸರ್ವೆ ನಂಬರ್. ಡಬಲ್ ಕ್ಲಿಕ್ ಮಾಡಿದ ಕೂಡಲೇ ಎಕ್ಸೆಲ್ ನಿಮ್ಮನ್ನು ಕೇಳದೆ ಇವನ್ನೆಲ್ಲ "ಅರ್ಥ ಮಾಡಿಕೊಳ್ಳಲು" ಶುರು ಮಾಡುತ್ತದೆ. ಆಧಾರ್ 12 ಅಂಕಿ; 11ಕ್ಕಿಂತ ಜಾಸ್ತಿ ಅಂಕಿ ಇದ್ದರೆ ಅದು 1.23457ಇ+11 ಅಂತ ಕಾಣುತ್ತದೆ. ಕಂಡರೆ ಕಾಣಲಿ, ಒಳಗೆ ಪೂರ್ತಿ ನಂಬರ್ ಇನ್ನೂ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಸಿಎಸ್‌ವಿ ಆಗಿಯೇ ಸೇವ್ ಒತ್ತಿದರೆ ಕಂಡದ್ದೇ ಬರೆದುಹೋಗುತ್ತದೆ, ಉಳಿದ ಅಂಕಿಗಳು ಹೋದವು. ಇಡೀ ಊರಿನ ಸದಸ್ಯರಿಗೆ ಹೆಚ್ಚುಕಮ್ಮಿ ಒಂದೇ ಬಗೆಯ ಆಧಾರ್ ನಂಬರ್ ಇರುವ ಪಟ್ಟಿಗಳು ಹುಟ್ಟುವುದು ಹೀಗೆ. ಖಾತೆ ನಂಬರಿನ ಮುಂದಿನ ಸೊನ್ನೆಗಳು ಉದುರುತ್ತವೆ. 16 ಅಂಕಿಯದಾದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಯಾಕೆಂದರೆ ಎಕ್ಸೆಲ್ 15 ಅಂಕಿಗಿಂತ ಹೆಚ್ಚು ನೆನಪಿಡುವುದಿಲ್ಲ.

ಸರ್ವೆ ನಂಬರಿನದು ಇನ್ನೂ ಚಂದ. ಪಹಣಿಯಲ್ಲಿ 12/3 ಅಂತಿರುವುದು ಎಕ್ಸೆಲ್‌ನಲ್ಲಿ ಮಾರ್ಚ್ 12 ಆಗುತ್ತದೆ. ಅಯ್ಯೋ ಅಂತ ಕಾಲಂ ಸೆಲೆಕ್ಟ್ ಮಾಡಿ ಟೆಕ್ಸ್ಟ್ ಅಂತ ಬದಲಿಸಿದರೆ 12/3 ವಾಪಸ್ ಬರುವುದಿಲ್ಲ, 45728 ಅಂತ ಬರುತ್ತದೆ. 1900ರ ಜನವರಿ 1ನ್ನು ಒಂದು ಅಂತ ಇಟ್ಟುಕೊಂಡು ಎಕ್ಸೆಲ್ ಎಣಿಸಿದ ದಿನಗಳು ಅವು, 2025ರಲ್ಲಿ ತೆರೆದ ಫೈಲಿಗೆ. ಬೇರೆ ವರ್ಷ ತೆರೆದರೆ ಬೇರೆ ನಂಬರ್. ಆ ನಂಬರನ್ನೇ ಸರ್ವೆ ನಂಬರ್ ಅಂದುಕೊಂಡು ಅರ್ಜಿಗೆ ಬರೆದವರೂ ಇದ್ದಾರೆ ಮಾರಾಯ್ರೆ. ಇದರಲ್ಲಿ ನಾವೊಬ್ಬರೇ ಸಿಕ್ಕಿಬಿದ್ದಿಲ್ಲ ಅನ್ನೋದು ಒಂದು ಸಮಾಧಾನ: ಮಾರ್ಚ್1, ಸೆಪ್ಟ್2 ಅಂತ ಹೆಸರಿದ್ದ ಜೀನ್‌ಗಳನ್ನು ಎಕ್ಸೆಲ್ ತಾರೀಕು ಮಾಡಿಬಿಡುತ್ತಿತ್ತು. 2020ರಲ್ಲಿ ವಿಜ್ಞಾನಿಗಳೇ ಸೋತು ಆ ಜೀನ್‌ಗಳ ಹೆಸರು ಬದಲಿಸಿದ್ದಾಗಿ ಪ್ರಕಟಿಸಿದರು. ಮೈಕ್ರೋಸಾಫ್ಟ್ 2023ರಲ್ಲಿ ಹೊಸ ಆವೃತ್ತಿಗಳಿಗೆ ಇಂಥ ಬದಲಾವಣೆಗಳನ್ನು ಆಫ್ ಮಾಡುವ ಆಯ್ಕೆ ಕೊಟ್ಟಿದೆ. ಫೈಲ್, ಆಪ್ಶನ್ಸ್, ಡೇಟಾ ಅಂತ ಹೋದರೆ ಸಿಗುತ್ತದೆ.

ಸರಿಯಾದ ದಾರಿ ಇದು. ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆಗೆಯಿರಿ. ಡೇಟಾ ಟ್ಯಾಬಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ ಫೈಲ್ ತೋರಿಸಿ. ಬರುವ ಕಿಟಕಿಯಲ್ಲಿ ಫೈಲ್ ಒರಿಜಿನ್ ಅನ್ನೋ ಕಡೆ 65001, ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಫೈಲಿನಲ್ಲಿ ಬರೆದಿಡುವ ವಿಧಾನ) ಆರಿಸಿ. ಪಕ್ಕದಲ್ಲಿ ಡೇಟಾ ಟೈಪ್ ಡಿಟೆಕ್ಷನ್ ಇರುತ್ತದೆ, ಅಲ್ಲಿ "ಪತ್ತೆ ಮಾಡಬೇಡ" ಅನ್ನುವ ಕೊನೆಯ ಆಯ್ಕೆ ಕೊಡಿ. ಆಧಾರ್ ಆಧಾರಾಗಿ, ಸರ್ವೆ ನಂಬರ್ ಸರ್ವೆ ನಂಬರಾಗಿ ಬರುತ್ತವೆ. ಮೊತ್ತದ ಕಾಲಂ ಕೂಡ ಟೆಕ್ಸ್ಟ್ ಆಗಿಯೇ ಬರುತ್ತದೆ, ಅದೊಂದನ್ನು ಆಮೇಲೆ ನಂಬರ್ ಮಾಡಿಕೊಳ್ಳಿ.

ಇನ್ನು ಕನ್ನಡ ಅಕ್ಷರ ಗೋಜಲಾಗುವುದು. ಎಲ್ಲ ಗೋಜಲೂ ಒಂದೇ ಅಲ್ಲ, ಹತ್ತಿರದಿಂದ ನೋಡಿ. ಚಿಕ್ಕ ಇಂಗ್ಲಿಷ್ ಎ, ತಲೆ ಮೇಲೊಂದು ಓರೆ ಗೀಟು, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಆಮೇಲೆ ಏನೋ ಒಂದು ಚಿಹ್ನೆ, ಮತ್ತೆ ಅದೇ ಎ. ಇದು ಕಂಡರೆ ಖುಷಿ ಪಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು, ಅದಕ್ಕೇ ಈ ಎ ಮತ್ತು 2, 3ರ ಮೆರವಣಿಗೆ. ಡೇಟಾ ಪೂರ್ತಿ ಸರಿ ಇದೆ, ಎಕ್ಸೆಲ್ ತಪ್ಪಾಗಿ ಓದುತ್ತಿದೆ ಅಷ್ಟೇ. ಮೇಲೆ ಹೇಳಿದ 65001 ಕೊಟ್ಟರೆ ಕನ್ನಡ ಬರುತ್ತದೆ.

ಬದಲಿಗೆ ಗೀಟಿರುವ ದೊಡ್ಡ ಎ, ಇಂಗ್ಲಿಷಿನ ದೊಡ್ಡಕ್ಷರಗಳು, ನಡುವೆ ಪೌಂಡ್ ಗುರುತು ಎಲ್ಲ ಬೆರೆತಿದ್ದರೆ ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಕನ್ನಡ ಇದ್ದದ್ದು ಫಾಂಟಿನಲ್ಲಿ ಮಾತ್ರ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇವೆ. ಸಿಎಸ್‌ವಿಯಲ್ಲಿ ಫಾಂಟ್ ಹೋಗುವುದಿಲ್ಲ, ಬಣ್ಣ ಬಯಲಾಗುತ್ತದೆ. ಇದಕ್ಕೆ 65001 ಪ್ರಯೋಜನವಿಲ್ಲ, ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿ, ಬರಹ ಎರಡೂ ಸಾಫ್ಟ್‌ವೇರುಗಳಲ್ಲಿ ಅದಕ್ಕೆ ಸೌಲಭ್ಯ ಇದೆ. ಕನ್ನಡದ ಕಾಲಂ ಮಾತ್ರ ಪರಿವರ್ತಿಸಿ, ಇಂಗ್ಲಿಷ್ ಇರುವ ಕಾಲಂ ಸೇರಿಸಿಕೊಂಡರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಆ ಫೈಲ್ ಬಿಟ್ಟುಬಿಡಿ. ಯಾರೋ ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿ ಆಗಿ ಸೇವ್ ಮಾಡಿದ್ದಾರೆ, ಕನ್ನಡ ಅಲ್ಲೇ ಸತ್ತಿದೆ. ಮೂಲ ಫೈಲ್ ತರಿಸಿ, ಸೇವ್ ಆ್ಯಸ್ ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಬೇರೆಯೇ ಇದೆ, ಅದನ್ನು ಆರಿಸಿ.

ಮಲೆನಾಡಿನ ವಿಳಾಸಗಳೂ ಇಂಪೋರ್ಟಿಗೆ ಶತ್ರು. ಮನೆ ಹೆಸರು, ಕೇರಿ, ಗ್ರಾಮ, ಅಂಚೆ ಕೋಣಂದೂರು, ತೀರ್ಥಹಳ್ಳಿ ತಾಲೂಕು; ಎಲ್ಲದರ ನಡುವೆ ಕಾಮಾ. ಸಿಎಸ್‌ವಿಯಲ್ಲಿ ಕಾಲಂ ಬೇರೆ ಮಾಡುವುದೂ ಕಾಮಾನೇ. ಎಕ್ಸೆಲ್ ತಾನು ಸೇವ್ ಮಾಡುವಾಗ ಇಂಥ ವಿಳಾಸಕ್ಕೆ ಉದ್ಧರಣ ಚಿಹ್ನೆ ಹಾಕಿ ಕಾಪಾಡುತ್ತದೆ. ಯಾರೋ ಅವಸರದಲ್ಲಿ ಬರೆದ ಸಾಫ್ಟ್‌ವೇರುಗಳು ಹಾಕುವುದಿಲ್ಲ, ಆಗ ತಾಲೂಕು ಹೋಗಿ ಫೋನ್ ನಂಬರಿನ ಕಾಲಂನಲ್ಲಿ ಕೂರುತ್ತದೆ. 48,500 ಅಂತ ಬರೆದ ರೇಟು ಎರಡು ಕಾಲಂ ಆಗುತ್ತದೆ. ಎರರ್ ಯಾವ ಸಾಲಿನದು ಅಂತ ನೋಡಿ, ಆ ಸಾಲನ್ನು ನೋಟ್‌ಪ್ಯಾಡಿನಲ್ಲಿ ಹುಡುಕಿ, ಕಾಮಾ ಎಣಿಸಿ. ಮೊದಲ ಸಾಲಿಗಿಂತ ಜಾಸ್ತಿ ಇದ್ದರೆ ಕಳ್ಳ ಸಿಕ್ಕ.

ತಾರೀಕಿಗೆ ಒಂದು ಸುಲಭ ಗುರುತು: ಒಂದೇ ಕಾಲಂನಲ್ಲಿ ಕೆಲವು ತಾರೀಕು ಬಲಕ್ಕೆ, ಕೆಲವು ಎಡಕ್ಕೆ ಅಂಟಿದ್ದರೆ ಕಂಪ್ಯೂಟರ್ ಅಮೆರಿಕದ ಲೆಕ್ಕದಲ್ಲಿ ತಿಂಗಳನ್ನು ಮೊದಲು ಓದುತ್ತಿದೆ. 13ರಿಂದ ಮೇಲಿನ ದಿನಗಳು ಟೆಕ್ಸ್ಟ್ ಆಗಿ ಎಡಕ್ಕೆ ನಿಂತಿವೆ. ಅವು ಕಣ್ಣಿಗೆ ಬೀಳುತ್ತವೆ, ಅಪಾಯ ಇರುವುದು ಬಲಕ್ಕಿರುವುದರಲ್ಲಿ: ಜುಲೈ 5 ಅಲ್ಲಿ ಸದ್ದಿಲ್ಲದೆ ಮೇ 7 ಆಗಿದೆ. ವಿಂಡೋಸಿನ ರೀಜನ್ ಸೆಟ್ಟಿಂಗನ್ನು ಇಂಡಿಯಾ ಮಾಡಿ ಮೊದಲಿಂದ ಇಂಪೋರ್ಟ್ ಮಾಡಿ. ತಿದ್ದಲು ಕೂರಬೇಡಿ.

ನಿಜವಾಗಿ ಕೆಟ್ಟ ಫೈಲುಗಳೂ ಬರುತ್ತವೆ, ಮುಖ್ಯವಾಗಿ ಜೂನ್‌ನಿಂದ ಆಚೆ. ಮರ ಬಿದ್ದು ಲೈನ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಹೋಗಿ ವರ್ಷವಾಗಿರುತ್ತದೆ, ಸೇವ್ ಆಗುವ ಹೊತ್ತಿಗೇ ಕಂಪ್ಯೂಟರ್ ಆಫ್. ಎಕ್ಸೆಲ್‌ನ ಓಪನ್ ಕಿಟಕಿಯಲ್ಲಿ ಫೈಲ್ ಆರಿಸಿ, ಓಪನ್ ಬಟನ್ನಿನ ಪಕ್ಕದ ಪುಟ್ಟ ಬಾಣ ಒತ್ತಿದರೆ ಓಪನ್ ಆ್ಯಂಡ್ ರಿಪೇರ್ ಇದೆ. ಮೊದಲು ರಿಪೇರ್, ಆಗದಿದ್ದರೆ ಎಕ್ಸ್‌ಟ್ರಾಕ್ಟ್ ಡೇಟಾ. ಅದೂ ಆಗದಿದ್ದರೆ ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡಿ, ಉಚಿತ, ಎಕ್ಸೆಲ್ ಬೇಡ ಅಂದ ಎಷ್ಟೋ ಫೈಲನ್ನು ಅದು ತೆರೆಯುತ್ತದೆ. ಆದರೆ ಸೈಜ್ ಸರಿಯಾಗಿದ್ದೂ ನೋಟ್‌ಪ್ಯಾಡಿನಲ್ಲಿ ಮೊದಲಿಂದ ಕೊನೆವರೆಗೆ ಬರೀ ಖಾಲಿ ಕಂಡರೆ, ಡಿಸ್ಕಿನಲ್ಲಿ ಜಾಗ ಹಿಡಿದಿದೆ, ಬರೆಯುವ ಮೊದಲೇ ಕರೆಂಟ್ ಹೋಗಿದೆ. ಅದರೊಳಗೆ ಇರುವುದೆಲ್ಲ ಸೊನ್ನೆ ಬೈಟುಗಳು, ದುಡ್ಡು ಕೇಳುವ ಯಾವ ರಿಪೇರಿ ಸಾಫ್ಟ್‌ವೇರೂ ಅಲ್ಲಿಂದ ಲೆಕ್ಕ ತೆಗೆಯಲಾರದು. ಬ್ಯಾಕಪ್, ಮೇಲ್‌ನಲ್ಲಿ ಹಿಂದೆ ಕಳಿಸಿದ್ದು, ಆಡಿಟರ್ ಹತ್ತಿರ ಇರುವುದು, ಇವನ್ನು ಹುಡುಕಿ.

ಒಂದು ಫೈಲಲ್ಲ, ಯಾವ ಫೈಲೂ ತೆರೆಯುತ್ತಿಲ್ಲ ಅಂದರೆ ತೊಂದರೆ ಎಕ್ಸೆಲ್‌ನದು. ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ಶುರು ಮಾಡಿ, ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ. ಅದರಲ್ಲಿ ತೆರೆದರೆ ಎಕ್ಸೆಲ್‌ಗೆ ಮೇಲಿಂದ ಸೇರಿಸಿದ ಯಾವುದೋ ಆ್ಯಡ್-ಇನ್ ಕಾಟ. ಹೊರಗಿನಿಂದ ಬಂದ ಫೈಲು ಮಾತ್ರ ತೆರೆಯದಿದ್ದರೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ಅನ್‌ಬ್ಲಾಕ್ ಇರುತ್ತದೆ; ಕಳಿಸಿದವರು ಗೊತ್ತಿದ್ದರೆ ಮಾತ್ರ ಟಿಕ್ ಹಾಕಿ. ಇಷ್ಟಾದರೂ ಆಗಲಿಲ್ಲ, ಯಾರಿಗಾದರೂ ತೋರಿಸಬೇಕು ಅಂದರೆ ಮೊಬೈಲಿನಲ್ಲಿ ಸ್ಕ್ರೀನ್ ಫೋಟೋ ಹೊಡೆದು ಕಳಿಸಬೇಡಿ. ಮುಟ್ಟದೇ ಇಟ್ಟ ಆ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ, ಎರರ್ ಏನು ಬಂತು ಅಂತ ಅಕ್ಷರಶಃ ಬರೆಯಿರಿ, ಪಟ್ಟಿಯಲ್ಲಿ ಆಧಾರ್ ಇದ್ದರೆ ಯಾರಿಗೆ ಕಳಿಸುತ್ತಿದ್ದೀರಿ ಅನ್ನೋದನ್ನು ಎರಡು ಸಲ ನೋಡಿಕೊಂಡು.